ಚೌಡಮ್ಮನ ಚಿತ್ತಾರಕ್ಕೆ ಹಾಕಿದ ಕಟ್ಟು

ಚಿತ್ರಗಳಿಗೆ ಕಟ್ಟು ಹಾಕುವ ಕೆಲಸ ಕಲಿಯಬೇಕೆಂದು ಈಚೆಗೆ ಮೂವರು ನನ್ನ ಮನೆಗೆ ಬಂದು ಹೋದರು. ಮೂವರೂ ಮೊದಲು ಕೇಳಿದ್ದು ಒಂದೇ ಮಾತು: ಯಾವ ಮರ ಒಳ್ಳೆಯದು, ಯಾವ ಯಂತ್ರ ಕೊಳ್ಳಬೇಕು? ಮರದ ವಿಷಯ ಒಂದು ತಿಂಗಳಲ್ಲಿ ಕಲಿಯಬಹುದು. ಯಂತ್ರದ ವಿಷಯ ಅದನ್ನು ಮಾರುವವನೇ ಹೇಳುತ್ತಾನೆ. ಆದರೆ ನಮ್ಮ ಮೇಜಿನ ಮೇಲೆ ದಿನವೂ ಮಲಗಿರುವುದು ಇನ್ನೊಬ್ಬರ ವಸ್ತು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಮರ ಹಾಳಾದರೆ ಬೇರೆ ಮರ ತರಬಹುದು. ಕೈಯಲ್ಲಿ ಬರೆದ ಚಿತ್ರ ಹಾಳಾದರೆ ಅದನ್ನು ತರಲು ಅಂಗಡಿ ಇಲ್ಲ.

ಶಿರಸಿ ಪೇಟೆಯಲ್ಲಿ ನಲವತ್ತೊಂದು ವರ್ಷ ಈ ಕೆಲಸ ಮಾಡಿದೆ. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಮನ್ಮನೆಯ ಚೌಡಮ್ಮ ಎಂಬ ಹೆಂಗಸಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಂದು ನೌಕರಿ ಸಿಗುವುದರಲ್ಲಿತ್ತು. ನಾನು ಅಂಟಿಗೆ ಕಲಸಿದ ಎರಡು ಚಮಚ ಮದ್ದಿನಿಂದ ಅದು ತಪ್ಪಿಹೋಗುವ ಹಾಗಾಯಿತು. ಅದನ್ನೇ ಇಲ್ಲಿ ಬರೆಯುತ್ತೇನೆ. ನಾನು ಹಾಕಿದ ಒಳ್ಳೆಯ ಕಟ್ಟುಗಳ ವಿಷಯ ಕೇಳಿ ನಿಮಗೆ ಆಗಬೇಕಾದ್ದೇನೂ ಇಲ್ಲ.

ಮೊದಲು ಕಲಿತ ರೀತಿ. ನನಗೆ ಕೆಲಸ ಕಲಿಸಿದವರು ಗಣಪತಿ ಮೇಸ್ತ್ರಿ. ಎಂಟೂವರೆಗೆ ಅಂಗಡಿ ಬಾಗಿಲು ತೆಗೆಯಬೇಕು, ಎಂಟೂಮುಕ್ಕಾಲಿನೊಳಗೆ ಮೇಜನ್ನು ಒಣಬಟ್ಟೆಯಲ್ಲಿ ಎರಡು ಸಲ ಒರೆಸಬೇಕು, ಒಂಬತ್ತಕ್ಕೆ ಉಳಿ ಮಸೆದು ಮುಗಿದಿರಬೇಕು. ಸಂಜೆ ಆರಕ್ಕೆ ಬೀಗ. ಆರರ ಮೇಲೆ ಕಣ್ಣು ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಮೊದಲ ಐದು ತಿಂಗಳು ಅವರು ನನಗೆ ಒಂದು ಚಿತ್ರವನ್ನೂ ಮುಟ್ಟಲು ಕೊಡಲಿಲ್ಲ. ಶಿವನೆ ಮರದ ಪಟ್ಟಿಗಳನ್ನು ಓರೆಯಾಗಿ ಕೊಯ್ದು, ಎರಡೆರಡನ್ನು ಮೂಲೆ ಕೂಡಿಸಿ ತೋರಿಸಬೇಕು. ಅವರು ಅದನ್ನು ಕಿಟಕಿಗೆ ಹಿಡಿಯುತ್ತಿದ್ದರು. ಕೂದಲೆಳೆಯಷ್ಟು ಬೆಳಕು ನುಗ್ಗಿದರೂ ಅದು ಒಲೆಗೆ. ಐದು ತಿಂಗಳು ಮೇಸ್ತ್ರಿಯವರ ಮನೆಯ ಬಚ್ಚಲೊಲೆ ಉರಿದದ್ದು ನನ್ನ ಮೂಲೆಗಳಿಂದಲೇ.

ಚಿತ್ರ ಕೈಗೆ ಬಂದ ಕೂಡಲೇ ಕೇಳಬೇಕಾದ ಐದು ಪ್ರಶ್ನೆಗಳನ್ನು ಅವರು ಬಾಯಿಪಾಠ ಮಾಡಿಸಿದ್ದರು. ಬರೆದವರು ಯಾರು? ಯಾವುದರ ಮೇಲೆ ಬರೆದದ್ದು? ಬಣ್ಣ ಎಂಥದ್ದು? ಎಲ್ಲಿ ತೂಗುಹಾಕುತ್ತೀರಿ? ಯಾವಾಗ ಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ಚಿತ್ರದ ಹಿಂದೆ ಇಡಬೇಕು. ಮೂರನೆಯ ಪ್ರಶ್ನೆಯನ್ನು ಎರಡು ಸಲ ಕೇಳು ಎನ್ನುತ್ತಿದ್ದರು. ಜನರಿಗೆ ತಮ್ಮ ಚಿತ್ರದ ಉದ್ದಗಲ ಗೊತ್ತಿರುತ್ತದೆ, ಬಣ್ಣ ಗೊತ್ತಿರುವುದಿಲ್ಲ.

ಆರನೆಯ ನಿಯಮ ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಯಲ್ಲಾಪುರದ ಕಡೆಯ ವಜ್ರಳ್ಳಿಯಿಂದ ಒಬ್ಬರು ಗಾಜಿನ ಮೇಲೆಯೇ ಬರೆದ ಹಳೆಯ ಲಕ್ಷ್ಮಿಯ ಚಿತ್ರ ತಂದುಕೊಟ್ಟಿದ್ದರು. ಹಿಂಬದಿಗೆ ಮೊಳೆ ಹೊಡೆಯುವಾಗ ನನ್ನ ಸುತ್ತಿಗೆ ಒಂದು ಏಟು ಹೆಚ್ಚು ಬಿತ್ತು. ಟಿಕ್ ಎಂದಿತು, ಅಷ್ಟೇ. ಲಕ್ಷ್ಮಿಯ ಭುಜದಿಂದ ಕಮಲದವರೆಗೆ ಒಂದು ಗೆರೆ. ಮೇಸ್ತ್ರಿ ಬೈಯಲಿಲ್ಲ. "ಯಲ್ಲಾಪುರದ ಬಸ್ಸು ಹತ್ತೂಕಾಲಿಗೆ ಇದೆ. ಒಡೆದವನೇ ಹೋಗಿ ಹೇಳಿ ಬರಬೇಕು. ಚಿತ್ರ ತಗೊಂಡು ಹೋಗು," ಎಂದರು. ವಜ್ರಳ್ಳಿಯವರ ಅಂಗಳದಲ್ಲಿ ನಿಂತು ಆ ಮಾತು ಹೇಳಿ ಮುಗಿಸುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳಗೆ ಬಾ, ಮಜ್ಜಿಗೆ ಕುಡಿ," ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮುಂದೆ ಮೇಸ್ತ್ರಿ ತೀರಿಕೊಂಡರು. ಅಂಗಡಿ ನನಗೆ ಬಂತು. ಹುಬ್ಬಳ್ಳಿಯಿಂದ ಬಣ್ಣ ಬಳಿದ ರೆಡಿ ಪಟ್ಟಿಗಳು ಬಂದವು. ಒಂದೇ ಏಟಿಗೆ ಮೂಲೆ ಕೊಯ್ಯುವ ಯಂತ್ರ, ಮೊಳೆಯ ಬದಲು ಪಿನ್ನು ಹೊಡೆಯುವ ಗನ್ನು ಬಂದವು. ಮನೆಯ ಫೋಟೋಗಳಿಗೆ ನಾನೂ ಅವನ್ನು ಬಳಸಿದೆ. ಕೈಯಲ್ಲಿ ಬರೆದ ಚಿತ್ರಕ್ಕೆ ಮಾತ್ರ ಕೊನೆಯವರೆಗೂ ಕೈಯಲ್ಲೇ ಕೊಯ್ದ ಶಿವನೆ ಅಥವಾ ಹಲಸು. ಅದಕ್ಕೆ ಕಾರಣವಿದೆ. ಪ್ರತಿ ಕಟ್ಟಿನ ಒಳಬದಿಯಲ್ಲಿ ಚಿತ್ರದ ಅಂಚನ್ನು ಹಿಡಿದುಕೊಳ್ಳಲು ಸ್ವಲ್ಪ ಮರ ಮುಂದಕ್ಕೆ ಚಾಚಿರುತ್ತದೆ. ಮೇಸ್ತ್ರಿ ಅದನ್ನು ತುಟಿ ಎನ್ನುತ್ತಿದ್ದರು. ರೆಡಿ ಪಟ್ಟಿಯ ತುಟಿ ಎಲ್ಲ ಚಿತ್ರಕ್ಕೂ ಒಂದೇ ಅಳತೆ. ಕೈಯಲ್ಲಿ ಮಾಡಿದರೆ ಚಿತ್ರ ಎಷ್ಟು ಬಿಟ್ಟುಕೊಡುತ್ತದೋ ಅಷ್ಟೇ ಮುಚ್ಚಬಹುದು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಬೇಕೆಂದರೆ ಹೆಚ್ಚು ಮುಚ್ಚಲೂಬಹುದು. ಹರಿದ ಅಂಚು, ನೀರಿನ ಕಲೆ, ಹುಳ ತಿಂದ ಮೂಲೆ, ಎಲ್ಲವನ್ನೂ ಕಾಲಿಂಚು ತುಟಿ ನುಂಗುತ್ತದೆ. ಈ ಕೆಲಸದವರಿಗೆಲ್ಲ ಇದು ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಚೌಡಮ್ಮನ ವಿಷಯ.

ಅದು ಮಳೆಗಾಲದ ಒಂದು ಬುಧವಾರ, ಸಂಜೆ ಐದು ಗಂಟೆ. ಚೌಡಮ್ಮ ಮತ್ತು ಅವಳ ಸೊಸೆ ಸವಿತಾ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದಪ್ಪ ಕೈಕಾಗದದ ಹಾಳೆಯೊಂದನ್ನು ತಂದರು. ಬಿಚ್ಚಿದೆ. ಮದುವೆ ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ. ಜೇಡಿಮಣ್ಣಿನ ಬಿಳಿ ಹಿನ್ನೆಲೆ, ಕೆಮ್ಮಣ್ಣಿನ ಕೆಂಪು ಗೆರೆ, ಹುರಿದ ಅಕ್ಕಿಯ ಕಪ್ಪು. ಸುತ್ತ ಅಂಚಿಗೆ ಬೆರಳಗಲದ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆದ ಒಂದೊಂದು ಗೆರೆಯೂ ಹಗ್ಗ ಕಟ್ಟಿ ಎಳೆದಷ್ಟು ನೇರ.

"ಹೆಗಡೇರೆ, ಶನಿವಾರ ಹತ್ತು ಗಂಟೆ ಒಳಗೆ ಕೊಡ್ಬೇಕಂತೆ. ಆಗ್ತದಾ?" ಎಂದಳು ಚೌಡಮ್ಮ.

ವಿಷಯವನ್ನು ಸವಿತಾ ಹೇಳಿದಳು. ಸಿದ್ದಾಪುರದಲ್ಲಿ ಹೆಣ್ಣುಮಕ್ಕಳಿಗೆ ಚಿತ್ತಾರ ಕಲಿಸುವ ಕೇಂದ್ರವೊಂದು ತೆರೆಯುತ್ತಿದೆ. ಕಲಿಸಲು ಮೂವರನ್ನು ತೆಗೆದುಕೊಳ್ಳುತ್ತಾರೆ. ಅರ್ಜಿ ಹಾಕುವವರು ತಮ್ಮ ಕೈಯ ಒಂದು ಚಿತ್ರವನ್ನು ಕಟ್ಟು ಹಾಕಿಸಿ, ಅರ್ಜಿಯ ಜೊತೆ ಶನಿವಾರ ಶಿರಸಿಯ ಒಂದು ಸಭಾಭವನದಲ್ಲಿ ಇಡಬೇಕು. ಅಂದೇ ಆಯ್ಕೆ.

"ಮೂವತ್ತು ವರ್ಷ ಊರವರ ಗೋಡೆ ಬರೆದ್ರು ಅತ್ತೆ. ಅದಕ್ಕೆ ಸಿಕ್ಕಿದ್ದು ಒಂದು ಕುಪ್ಪಸದ ಕಣ, ಎರಡು ವೀಳ್ಯದೆಲೆ, ಅಷ್ಟೇ," ಎಂದಳು ಸವಿತಾ. "ಈಗ ಮದ್ವೆ ಎಲ್ಲ ಕಲ್ಯಾಣಮಂಟಪದಲ್ಲಿ. ಫ್ಲೆಕ್ಸ್ ಕಟ್ತಾರೆ. ಯಾರೂ ಕರೆಯೋದಿಲ್ಲ."

"ಆರು ವಾರ ಹಿಡೀತು ಇದಕ್ಕೆ," ಎಂದಳು ಚೌಡಮ್ಮ. "ಒಂದು ಕಣ್ಣಿಗೆ ಪೊರೆ ಬಂದದೆ. ಮಳೆ ಮುಗಿದ್ ಮೇಲೆ ಆಪರೇಶನ್. ಇನ್ನೊಂದು ಬರೀತೆ ಅಂದ್ರೆ ಈಗ ಆಗೋದಿಲ್ಲ."

"ಕೂತ್ಕೊಳ್ಳಿ. ನಾಲ್ಕು ಮಾತು ಕೇಳುವುದಿದೆ," ಎಂದೆ.

"ಕೂತ್ರೆ ಬಸ್ಸು ಹೋಗ್ತದೆ. ನಮ್ಮೂರಿಗೆ ಅದೇ ಕಡೇ ಬಸ್ಸು. ನೀವು ಕೇಳಿ, ನಾ ನಿಂತ್ಕಂಡೇ ಹೇಳ್ತೆ."

ಎರಡು ಪ್ರಶ್ನೆ ಕೇಳುವುದರೊಳಗೆ ಸವಿತಾ ಮೆಟ್ಟಿಲು ಇಳಿದಾಗಿತ್ತು. "ಫಾರ್ಮಿನ ಝೆರಾಕ್ಸ್ ಅದರ ಸಂಗ್ತಿಗೇ ಇಟ್ಟಿದೀನಿ, ಎಲ್ಲ ಅದ್ರಲ್ಲಿ ಬರೆದದೆ," ಎಂದು ಕೂಗಿದಳು. ಇಬ್ಬರೂ ಓಡಿದರು. ಝೆರಾಕ್ಸ್ ತೆಗೆದು ನೋಡಿದೆ. ಬಳಸಿದ ಬಣ್ಣ ಎಂಬಲ್ಲಿ ಜೇಡಿ, ಕೆಮ್ಮಣ್ಣು, ಅಕ್ಕಿ, ಗುರಿಗೆ ಬೀಜ ಎಂದಿತ್ತು. ಗುರಿಗೆ ಬೀಜ ನೆನೆಸಿ ಹಳದಿ ತೆಗೆಯುವುದು ಚಿತ್ತಾರದವರ ಹಳೆಯ ಕ್ರಮ. ನಾನೂ ಅದನ್ನೇ ಚೀಟಿಯಲ್ಲಿ ಇಳಿಸಿಕೊಂಡೆ. ಮೇಸ್ತ್ರಿ ಕೇಳು ಎಂದಿದ್ದರು. ನಾನು ಓದಿದೆ.

ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದರಿಂದ ಅದು ನಾಲ್ಕೂ ಕಡೆ ಮುದುಡುತ್ತಿತ್ತು. ಕೈಬರಹದ ಚಿತ್ರವನ್ನು ಎಂದೂ ಪೂರ್ತಿ ಅಂಟಿಸಬಾರದು. ಹಿಂಬದಿಯ ಅಂಚಿನಲ್ಲಿ ಅಲ್ಲಲ್ಲಿ ತೆಳುಕಾಗದದ ಪಟ್ಟಿ ಅಂಟಿಸಿ ರಟ್ಟಿಗೆ ಹಿಡಿಸಬೇಕು. ಮೈದಾ ಅಂಟು ಕಾಸಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಬರೀ ಮೈದಾ ಅಂಟು ಹಾಕಿದರೆ ತಿಂಗಳೊಳಗೆ ಜಿರಳೆ ತಿನ್ನುತ್ತದೆ, ಬೂಸು ಹಿಡಿಯುತ್ತದೆ. ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಸೇರಿಸುವುದು ರೂಢಿ. ಡಬ್ಬಿ ತೆಗೆದರೆ ಖಾಲಿ.

ಅದೇ ಹೊತ್ತಿಗೆ ನನ್ನ ಹೆಂಡತಿಯ ತಮ್ಮ ಗಜಾನನ ಬಂದಿದ್ದ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ಮದ್ದನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟಿದ್ದ.

"ಭಾವ, ಇದು ಇಲ್ಲೇ ಇರ್ಲಿ. ಸುಣ್ಣ ಜಾಸ್ತಿ ಆಜ ಎಂತದ ಹೇಳಿ ಗೊಬ್ಬರದ ಅಂಗ್ಡಿಯವಂಗೆ ತೋರ್ಸವು. ಒಂದು ಚಾ ಕುಡ್ಕಂಡು ಬತ್ತೆ," ಎಂದು ಹೇಳಿ ಹೋದ.

ಅದರಲ್ಲಿ ಮೈಲುತುತ್ತ ಇದ್ದೇ ಇದೆ. ಅದನ್ನೇ ಎರಡು ಚಮಚ ತೆಗೆದು ಅಂಟಿಗೆ ಕಲಸಿದೆ. ಸುಣ್ಣ ಎಂಬ ಮಾತನ್ನು ಅವನು ಹೇಳಿ ಹೋಗಿದ್ದ, ನಾನು ಕೇಳಿಯೂ ಇದ್ದೆ. ನನ್ನ ಲಕ್ಷ್ಯವೆಲ್ಲ ಆರು ಗಂಟೆಯ ಬೀಗದ ಮೇಲಿತ್ತು. ಮೇಲಂಚಿಗೆ ನಾಲ್ಕು, ಎರಡು ಪಕ್ಕಕ್ಕೆ ಒಂದೊಂದು, ಒಟ್ಟು ಆರು ಪಟ್ಟಿ ಅಂಟಿಸಿದೆ. ಚಿತ್ರ ಕೆಳಮುಖವಾಗಿ ಮಲಗಿಸಿ, ಹಲಗೆಯಿಟ್ಟು, ತೂಕ ಹೇರಿ ಬೀಗ ಹಾಕಿದೆ.

ಗುರುವಾರ ಎಂಟೂವರೆಗೆ ಬಾಗಿಲು ತೆಗೆದೆ. ಮೇಜು ಒರೆಸಿದೆ. ತೂಕ ಇಳಿಸಿ ಚಿತ್ರ ತಿರುಗಿಸಿದೆ.

ಹಳದಿ ಅಂಚಿನಲ್ಲಿ ಆರು ಕಡೆ ಹೆಬ್ಬೆಟ್ಟಿನಗಲದ ಕಡುಗೆಂಪು ಕಲೆ. ಪಟ್ಟಿ ಅಂಟಿಸಿದ್ದ ಜಾಗದಲ್ಲೇ, ಸರಿಯಾಗಿ ಅಷ್ಟೇ ಅಗಲಕ್ಕೆ. ಮೊದಲು ಕೆಮ್ಮಣ್ಣು ಒಸರಿದೆ ಎಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದೆ. ಕೆಮ್ಮಣ್ಣಿನ ಗೆರೆಗಳು ಇದ್ದಲ್ಲೇ ಇದ್ದವು. ಹಳದಿಯೇ ಕೆಂಪಾಗಿತ್ತು. ಆ ದಿನ ಉಳಿ ಮಸೆಯಲಿಲ್ಲ. ಹಾಗೆ ಆದದ್ದು ಅಂಗಡಿ ನನ್ನದಾದ ಮೇಲೆ ಅದೊಂದೇ ದಿನ.

ಸವಿತಾಳ ಫೋನಿಗೆ ಹನ್ನೆರಡರೊಳಗೆ ಏಳು ಸಲ ಹಚ್ಚಿದೆ. ಮಳೆ ಹಿಡಿದರೆ ಮನ್ಮನೆ ಕಡೆ ಫೋನು ಹತ್ತುವುದಿಲ್ಲ. ನಡುವೆ ಇನ್ನೊಂದು ಕೆಲಸವನ್ನೂ ಮಾಡಿದೆ. ಚಿತ್ರಕ್ಕೆಂದು ಕಡಿಮೆ ತುಟಿಯ ನಾಲ್ಕು ಪಟ್ಟಿ ಕೊಯ್ದಾಗಿತ್ತು. ಈಗ ಬೇರೆ ನಾಲ್ಕು ಪಟ್ಟಿ ತೆಗೆದು, ಮುಕ್ಕಾಲಿಂಚು ತುಟಿ ಬಿಟ್ಟು ಕೊಯ್ದೆ. ಅದನ್ನು ಹಾಕಿದರೆ ಹಳದಿ ಅಂಚು ಪೂರ್ತಿ ಒಳಗೆ. ಆರು ಕಲೆಯೂ ಒಳಗೆ. ಯಾರಿಗೂ ತಿಳಿಯುವುದಿಲ್ಲ. ಕೊಯ್ಯುವಾಗ ಕೈ ನಡುಗಲಿಲ್ಲ ಎಂಬುದು ಇವತ್ತಿಗೂ ನನಗೆ ಕಿರಿಕಿರಿ.

ಹನ್ನೆರಡೂವರೆಗೆ ಹೆಂಡತಿ ಸರಸ್ವತಿ ಊಟದ ಕ್ಯಾರಿಯರ್ ತಂದಳು. ಮೇಜಿನ ಮೇಲೆ ಒಂದೇ ನೋಟ ಹಾಕಿದಳು.

"ಇದು ಓಕಳಿ ಬಣ್ಣ ಅಲ್ದಾ?"

"ಫಾರ್ಮಲ್ಲಿ ಗುರಿಗೆ ಹೇಳಿ ಬರೆದ್ದ."

"ಬರೆದಿದ್ದು ಎಂತಾದ್ರೂ ಇರ್ಲಿ. ಇದು ಅರಿಶಿನಕ್ಕೆ ಸುಣ್ಣ ತಾಗಿದ್ದು. ಅಂಟಿಗೆ ಎಂತ ಹಾಕಿದ್ದು?"

ಹೇಳಿದೆ. ಅವಳು ಕ್ಯಾರಿಯರ್ ಕೆಳಗಿಟ್ಟು ಹಣೆಗೆ ಕೈ ಹಚ್ಚಿದಳು. "ಪ್ರತಿ ಮದುವೇಲೂ ಆರತಿಗೆ ಓಕಳಿ ಕಲಸದು ನೋಡಿದ್ದಿಲ್ಯ? ಅರಿಶಿನ ಹಾಕಿ, ಸುಣ್ಣ ಹಾಕಿರೆ ಕೆಂಪಾಗ್ತು ಹೇಳಿ ಸಣ್ಣ ಮಕ್ಕಗೂ ಗೊತ್ತಿದ್ದು!"

ಗೊತ್ತಿತ್ತು. ಆರತಿ ತಟ್ಟೆಯಲ್ಲಿ ಗೊತ್ತಿದ್ದದ್ದು ಕೆಲಸದ ಮೇಜಿನ ಮೇಲೆ ಹೊಳೆಯಲಿಲ್ಲ.

"ನಿಂಬೆಹಣ್ಣು ಹಚ್ಚಿರೆ ತಿರುಗಿ ಹಳದಿ ಆಗ್ತು," ಎಂದಳು. ಬೇರೆ ಕಾಗದಕ್ಕೆ ಜೇಡಿ ಬಳಿದು, ಅರಿಶಿನ ಹಚ್ಚಿ, ಅದೇ ಅಂಟು ತಾಗಿಸಿ, ನಿಂಬೆರಸ ಹಾಕಿ ನೋಡಿದೆ. ಕೆಂಪು ಹೋಗಿ ಹಳದಿ ಬಂತು. ಆದರೆ ಸುತ್ತ ಒಂದು ಬಳೆಯಂಥ ಕಲೆ ಉಳಿಯಿತು, ನಡುವೆ ಜೇಡಿ ಎದ್ದು ಬಂತು. ನಿಂಬೆಹಣ್ಣನ್ನು ಮೇಜಿನಿಂದ ದೂರ ಇಟ್ಟೆ. ಹೊಸಬರು ಇದನ್ನು ನೆನಪಿಡಿ: ಒಂದು ತಪ್ಪಿನ ಮೇಲೆ ಮದ್ದು ಹಾಕುವ ಮೊದಲು ಚಿತ್ರದ ಯಜಮಾನರಿಗೆ ಹೇಳಿ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಬೇಗ ಆಗುತ್ತದೆ.

ಆದರೆ ಹೇಳುವುದು ಏನನ್ನು? ನನ್ನ ತಪ್ಪನ್ನು ಹೇಳಿದರೆ ಅವಳದ್ದೂ ಹೊರಗೆ ಬೀಳುತ್ತಿತ್ತು. ಅರ್ಜಿಯಲ್ಲಿ ಗುರಿಗೆ, ಚಿತ್ರದಲ್ಲಿ ಅರಿಶಿನ. ಝೆರಾಕ್ಸಿನ ಕೆಳಗೆ ದಪ್ಪ ಅಕ್ಷರದಲ್ಲಿ ಇತ್ತು: ಸಾಂಪ್ರದಾಯಿಕ ಬಣ್ಣಗಳನ್ನೇ ಬಳಸಿರಬೇಕು, ತಪ್ಪು ಮಾಹಿತಿಯಿದ್ದಲ್ಲಿ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಚಿತ್ರವನ್ನು ಎರಡು ಪ್ಲೈವುಡ್ ಹಲಗೆಗಳ ನಡುವೆ ಕಟ್ಟಿ, ರಬ್ಬರ್ ಶೀಟು ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎರಡೂ ಬಗೆಯ ಪಟ್ಟಿಗಳನ್ನು ಕೈಚೀಲದಲ್ಲಿ ಹಾಕಿಕೊಂಡಿದ್ದೆ. ಕಂಡಕ್ಟರ್ ಹಲಗೆಯನ್ನು ಮೇಲೆ ಇಡಿ ಎಂದ. ಬೇಡ ಎಂದೆ. ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ಮನ್ಮನೆ ತಲುಪಿದಾಗ ಒಂಬತ್ತೂವರೆ.

ಚೌಡಮ್ಮ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಗಲಿಲ್ಲ. ಕಟ್ಟು ಹಾಕುವವನು ಚಿತ್ರ ಹೊತ್ತುಕೊಂಡು ಮನೆಗೇ ಬಂದರೆ ಏನೋ ಆಗಿದೆ ಎಂದೇ ಅರ್ಥ.

ಹಲಗೆ ಬಿಚ್ಚಿದೆ. ಬುಧವಾರ ಸಂಜೆಯಿಂದ ಆದದ್ದನ್ನು ಒಂದೂ ಬಿಡದೆ, ಆದ ಕ್ರಮದಲ್ಲೇ ಹೇಳಿದೆ. ಮೈಲುತುತ್ತದ ಡಬ್ಬಿ ಖಾಲಿ ಇದ್ದದ್ದು, ಬಾಟಲಿ, ಎರಡು ಚಮಚ. ಅರಿಶಿನ ಎಂಬ ಮಾತನ್ನು ಮಾತ್ರ ಆಡಲಿಲ್ಲ.

"ಎಂತ ಮಾಡಿಟ್ರಿ ಮಾರಾಯ್ರೆ!" ಎಂದಳು ಸವಿತಾ. "ಆರು ವಾರ ಕೂತು ಬರೆದದ್ದು! ನಾಳೆ ಹತ್ತು ಗಂಟೆಗೆ ಎಂತ ಇಡೋದು ಅಲ್ಲಿ? ನಿಮ್ಮ ಬಾಟ್ಲಿ ಇಡೋದಾ?"

ಚೌಡಮ್ಮ ಬಗ್ಗಿ, ಕಲೆಯ ಮೇಲೆ ಬೆರಳಿಟ್ಟು, ಬೆರಳನ್ನು ಮೂಸಿದಳು.

"ಅತ್ತೆ, ಗುರಿಗೆಗೆ ಸುಣ್ಣ ತಾಗಿದ್ರೆ ಹಿಂಗೆ ಆಗ್ತದಾ?" ಎಂದಳು ಸವಿತಾ.

ನಾನು ನೆಲ ನೋಡುತ್ತಿದ್ದೆ. ಚೌಡಮ್ಮನ ಕಣ್ಣು ನನ್ನ ಮೇಲಿದೆ ಎಂದು ನೋಡದೆಯೂ ತಿಳಿಯುತ್ತಿತ್ತು. ನನಗೆ ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತಾಗಿತ್ತು. ಮೊರದಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

"ಗುರಿಗೆ ಅಲ್ಲ ಅದು. ಅರಿಶಿನ."

"ಅಂದ್ರೆ? ನಾ ಫಾರ್ಮಿನಲ್ಲಿ ಗುರಿಗೆ ಅಂತ ಬರೆದಿದೀನಲ್ಲ!"

"ಗುರಿಗೆ ಮರ ರಸ್ತೆ ಅಗಲ ಮಾಡೋವಾಗ ಹೋತು. ಎಲ್ಲಿಂದ ತರ್ಲಿ ಬೀಜ? ಮನೇಲಿದ್ದ ಅರಿಶಿನ ಹಚ್ಚಿದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀ ಕೇಳಿದ್ರೆ ಹೇಳ್ತಿದ್ದೆ. ಕೇಳ್ದೇ ಬರೆದೆ. ಬರೆದ್ ಮೇಲೆ ಓದಿ ಹೇಳ್ದೆ. ಆಗ ನಂಗೆ ಬಾಯಿ ಬರ್ಲಿಲ್ಲ."

ಸವಿತಾ ಕಂಬಕ್ಕೆ ಒರಗಿ ಕುಳಿತಳು. ಆಮೇಲೆ ಅವಳ ಕಣ್ಣು ನನ್ನ ಕೈಚೀಲದ ಮೇಲೆ ಬಿತ್ತು. "ಅದೆಂತ ಪಟ್ಟಿ? ಎರಡು ನಮೂನೆ ಅದೆಯಲ್ಲ?"

ಹೇಳಬೇಕಾಯಿತು. ಅಗಲ ತುಟಿಯದನ್ನು ಹಾಕಿದರೆ ಹಳದಿ ಅಂಚು ಕಾಣುವುದಿಲ್ಲ ಎಂದೆ.

"ಹಂಗಾರೆ ಅದನ್ನೇ ಹಾಕಿ!" ಎಂದು ಸವಿತಾ ಎದ್ದಳು. "ಕಲೆಯೂ ಇಲ್ಲ, ಅರಿಶಿನವೂ ಇಲ್ಲ. ಫಾರ್ಮು ಇದ್ದ ಹಂಗೇ ಇರ್ತದೆ. ಅಲ್ವಾ ಅತ್ತೆ?"

"ಹಾಕಿ ನೋಡಿ," ಎಂದಳು ಚೌಡಮ್ಮ.

ಚಿತ್ರವನ್ನು ಜಗುಲಿಯ ಮೇಲೆ ಮಲಗಿಸಿ ನಾಲ್ಕು ಪಟ್ಟಿಗಳನ್ನು ಸುತ್ತ ಕೂಡಿಸಿದೆ. ಮೂಲೆಗಳು ಬೆಳಕು ನುಗ್ಗದಂತೆ ಕೂತವು. ಕಲೆ ಮಾಯ. ನೋಡುವವರಿಗೆ ಚೊಕ್ಕವಾದ ಚಿತ್ರ. ಸವಿತಾ ಉಸಿರು ಬಿಟ್ಟಳು. ನಿಜ ಹೇಳಬೇಕೆಂದರೆ ನಾನೂ ಬಿಟ್ಟೆ.

ಚೌಡಮ್ಮ ಒಳ್ಳೆಯ ಕಣ್ಣನ್ನು ಚಿತ್ರದ ಹತ್ತಿರ ತಂದು, ಬೆರಳಿಟ್ಟು ಗೆರೆಗಳನ್ನು ಎಣಿಸತೊಡಗಿದಳು. ಒಂದು ಸಲ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಅಂಚಿಗೆ ಸುತ್ತ ಒಂಬತ್ತು ಎಳೆ ಬರೆದಿದ್ದೆ. ಹಳದಿ, ಅದರ ಪಕ್ಕದ ಕಪ್ಪು, ಎರಡೂ ಒಳಗೆ ಹೋತು. ಏಳೇ ಕಾಣ್ತದೆ."

"ಎರಡು ಎಳೆ ಹೋದ್ರೆ ಯಾರಿಗೆ ಗೊತ್ತಾಗ್ತದೆ ಅತ್ತೆ?"

"ಕಲ್ಸೋಕೆ ಹೋಗೋದು ನಾ ಅಲ್ವನೇ? ಏಳು ತೋರ್ಸಿ ಒಂಬತ್ತು ಅಂತ ಹೇಳ್ಲಾ ಹುಡುಗೀರಿಗೆ?" ಪಟ್ಟಿಯನ್ನು ಬೆರಳಿನಿಂದ ಆಚೆ ತಳ್ಳಿದಳು. "ತೆಗೀರಿ ಹೆಗಡೇರೆ. ಉಸಿರು ಕಟ್ಟಿದ ಹಂಗೆ ಕಾಣ್ತದೆ."

ತೆಗೆದೆ. ಅವಳು ಸೊಂಟದ ಸಂಚಿ ಬಿಚ್ಚಿ, ಎಲೆಯಡಿಕೆಗೆ ಇಟ್ಟುಕೊಂಡ ಸುಣ್ಣದ ಡಬ್ಬಿ ಹೊರತೆಗೆದಳು. ಲೋಟದಲ್ಲಿ ನೀರು ತರಿಸಿ ಸುಣ್ಣ ಕದಡಿದಳು.

"ಚೌಡಮ್ಮ, ಏನು ಮಾಡ್ತೀರಿ?" ಎಂದೆ. ನನ್ನ ಧ್ವನಿ ಏರಿತ್ತು.

"ನೀವು ಆರು ಕಡೆ ಹಾಕಿದ್ರಿ. ನಾ ಸುತ್ತ ಹಾಕ್ತೆ. ಅರ್ಧ ಕೆಂಪು ಆದ್ರೆ ಕಲೆ. ಪೂರ್ತಿ ಆದ್ರೆ ಅಂಚು."

"ಜೇಡಿ ಎದ್ದು ಬಂದರೆ?"

"ನಿಮ್ಮ ಕೈಯಲ್ಲಿ ಎದ್ದು ಬತ್ತದೆ. ಹಲಗೆ ಗಟ್ಟಿ ಹಿಡೀರಿ, ಮಾತಾಡ್ಬೇಡಿ."

ಸುಣ್ಣ ಅಡಿಗೆ ಇಳಿಯುವವರೆಗೆ ಕಾದು, ಮೇಲಿನ ತಿಳಿನೀರನ್ನು ಮಾತ್ರ ತೆಂಗಿನ ಚಿಪ್ಪಿಗೆ ಬಗ್ಗಿಸಿಕೊಂಡಳು. ಪುಂಡಿ ನಾರಿನ ಕುಂಚ ಅದ್ದಿ, ಚಿಪ್ಪಿನ ಅಂಚಿಗೆ ಎರಡು ಸಲ ಒರೆಸಿ, ಬಹುಪಾಲು ಒಣಗಿದ ಕುಂಚವನ್ನು ಹಳದಿಯ ಮೇಲೆ ಎಳೆದಳು. ಕುಂಚದ ಹಿಂದೆಯೇ ಕೆಂಪು ಎದ್ದಿತು. ಒಂದು ಎಳೆತ, ನಿಲ್ಲುವುದು, ಮತ್ತೊಂದು ಎಳೆತ. ಪಕ್ಕದ ಕಪ್ಪು ಗೆರೆಗೂ ಆ ಹಳದಿಗೂ ನಡುವೆ ಇದ್ದ ಜಾಗ ಒಂದು ಅಕ್ಕಿಕಾಳಿನಷ್ಟು. ಒಂದೇ ಕಣ್ಣು. ನಾನು ಹಲಗೆ ಹಿಡಿದು ಮಂಡಿಯೂರಿದ್ದೆ. ಮೂರನೆಯ ಬದಿಯಲ್ಲಿ ಕುಂಚದ ತುದಿಗೆ ಒಂದು ಹನಿ ಇಳಿದು ತೂಗಿತು. ಕೆಳಗೆ ಮದುಮಕ್ಕಳ ದಂಡಿಗೆಯನ್ನು, ಅಂದರೆ ಪಲ್ಲಕ್ಕಿಯನ್ನು, ಬರೆದ ಜಾಗ. ಅವಳಿಗೆ ಅದು ಕಾಣಲಿಲ್ಲ. "ಅತ್ತೆ, ಹನಿ!" ಎಂದು ಸವಿತಾ ಕೈ ಚಾಚಿ ತನ್ನ ಅಂಗೈಯಲ್ಲಿ ಅದನ್ನು ಹಿಡಿದಳು. ಚೌಡಮ್ಮ ಕುಂಚ ಒರೆಸಿಕೊಂಡು ಮುಂದುವರಿದಳು.

ಒಂದೂವರೆ ಗಂಟೆ ಹಿಡಿಯಿತು. ನನ್ನ ಆರು ಕಲೆಗಳು ಎಲ್ಲಿದ್ದವು ಎಂದು ಹುಡುಕಿದರೆ ನನಗೆ ಸಿಗುತ್ತಿದ್ದವು. ಬೇರೆಯವರಿಗೆ ಸಿಗುತ್ತಿರಲಿಲ್ಲ.

"ಈ ಕೆಂಪು ಬಹಳ ದಿನ ನಿಲ್ಲುವುದಿಲ್ಲ," ಎಂದೆ.

"ನಾಳೆ ತನಕ ನಿಂತ್ರೆ ಸಾಕು. ಸವಿತಾ, ಫಾರ್ಮು ತಾ. ಗುರಿಗೆ ಹೊಡೆದು ಹಾಕು. ಅರಿಶಿನ, ಸುಣ್ಣ ಅಂತ ಬರೆ."

"ತಿದ್ದಿದ್ರೆ ತೆಗೆದು ಬಿಸಾಕ್ತಾರೆ ಅತ್ತೆ."

"ಬಿಸಾಕ್ಲಿ. ಬರೆ."

ಸವಿತಾ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದಳು. ಕೊನೆಗೆ ಬರೆದಳು. ನಾನು ಮಧ್ಯಾಹ್ನದ ಬಸ್ಸಿಗೆ ಶಿರಸಿಗೆ ಬಂದು ಕಡಿಮೆ ತುಟಿಯ ಪಟ್ಟಿಗಳನ್ನೇ ಜೋಡಿಸಿದೆ. ಹಳೆಯ ಅಂಟಿನ ಕಾಗದದ ಪಟ್ಟಿಗಳನ್ನು ಬಿಡಿಸಿ, ಬರೀ ಮೈದಾ ಕಾಸಿ ಹೊಸದು ಅಂಟಿಸಿದೆ. ಜಿರಳೆ ತಿಂದರೆ ಆಮೇಲೆ ನೋಡಿಕೊಂಡರಾಯಿತು. ಗಾಜು ಕೂರಿಸಿ ಆರಕ್ಕೆ ಬೀಗ ಹಾಕಿದೆ.

ಶನಿವಾರ ಒಂಬತ್ತಕ್ಕೆ ಚಿತ್ರ ಸಭಾಭವನ ಸೇರಿತು. ಮೊಳೆ, ಹಗ್ಗ ತೆಗೆದುಕೊಂಡು ನಾನೇ ಹೋಗಿ ತೂಗುಹಾಕಿದೆ. ಹದಿನಾಲ್ಕು ಚಿತ್ರಗಳಿದ್ದವು. ಹನ್ನೊಂದಕ್ಕೆ ಆಯ್ಕೆ ಮಾಡುವವರು ಬಂದರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಹೆಂಗಸು ಹಾವೇರಿ ಕಡೆಯವರು. ಅವರು ಚೌಡಮ್ಮನ ಅರ್ಜಿಯನ್ನು ಕೈಯಲ್ಲಿ ಹಿಡಿದು ಚಿತ್ರದ ಎದುರು ನಿಂತರು.

"ಬರ್ರಿ ಅಮ್ಮಾರ. ಗುರಿಗಿ ಅಂತ ಬರದು ಹೊಡದ ಹಾಕೀರಿ. ಯಾಕ್ರಿ?"

ನಾನು ನಾಲ್ಕು ಹೆಜ್ಜೆ ಆಚೆ ಸುತ್ತಿಗೆ ಹಿಡಿದು ನಿಂತಿದ್ದೆ. ಚೌಡಮ್ಮ ನನ್ನ ಕಡೆ ಬೆರಳು ತೋರಿಸಿದರೆ ಮುಂದೆ ಬಂದು ಒಪ್ಪಿಕೊಳ್ಳಲು ಮಾತು ಸಿದ್ಧಮಾಡಿಕೊಂಡಿದ್ದೆ.

"ಗುರಿಗೆ ಸಿಗಲಿಲ್ಲ, ಅರಿಶಿನ ಹಾಕಿದೆ. ಸೊಸೆಗೆ ಹೇಳ್ಲಿಲ್ಲ, ಅದು ನನ್ನ ತಪ್ಪು. ಕಟ್ಟು ಹಾಕೋವಾಗ ಸುಣ್ಣ ತಾಗಿ ಅಲ್ಲಲ್ಲಿ ಕೆಂಪಾತು. ನಿನ್ನೆ ಪೂರ್ತಿ ಕೆಂಪು ಮಾಡಿದೆ. ಇದ್ದದ್ದು ಇಷ್ಟು."

ಕನ್ನಡಕದ ಗಂಡಸು ಹುಬ್ಬು ಗಂಟಿಕ್ಕಿದರು. "ಅಂದರೆ ಈ ಅಂಚಿನ ಬಣ್ಣ ಉಳಿಯುವುದಿಲ್ಲ, ಅಲ್ಲವೆ?"

"ಇಲ್ಲ. ಬಿಸಿಲು ಬಿದ್ರೆ ಓಡ್ತದೆ."

"ಉಳಿಯದ ಬಣ್ಣ ಹಾಕಿದವರು ಮಕ್ಕಳಿಗೆ ಏನು ಕಲಿಸುತ್ತೀರಿ?"

ಸವಿತಾ ನನ್ನ ಪಕ್ಕದಲ್ಲಿ ಸೆರಗಿನ ತುದಿ ಹಿಂಡುತ್ತಿದ್ದಳು. ಚೌಡಮ್ಮ ಚಿತ್ರದ ಕಡೆ ಕೈ ತೋರಿಸಿದಳು.

"ಮದ್ವೆ ಮನೆ ಗೋಡೆದು ಯಾವ್ದು ಉಳಿದದೆ ಸ್ವಾಮಿ? ಮುಂದಿನ ಮದ್ವೆಗೆ ಸಾರಿಸಿ ಮತ್ತೆ ಬರೀತ್ರು. ಬರೆಯೋ ಕೈ ಉಳೀಬೇಕು. ಯಾವ ಬಣ್ಣ ನಿಲ್ತದೆ, ಯಾವುದು ಓಡ್ತದೆ, ಹೆಂಗೆ ಓಡ್ತದೆ, ಅದನ್ನು ಕಲಿಸ್ತೆ. ನಂಗೆ ನಿನ್ನೆ ಗೊತ್ತಾದದ್ದು ಸೇರ್ಸಿ."

ಹೆಂಗಸು ನಕ್ಕರು. ಗಂಡಸು ನಗಲಿಲ್ಲ. ಅರ್ಜಿಯ ಮೇಲೆ ಏನೋ ಬರೆದುಕೊಂಡು ಮುಂದಿನ ಚಿತ್ರಕ್ಕೆ ಹೋದರು.

ಮೂರು ಗಂಟೆಗೆ ಹೆಸರು ಓದಿದರು. ಮೊದಲನೆಯದು ಸಾಗರದ ಕಡೆಯ ಒಬ್ಬಳು. ಎರಡನೆಯದು ದಾಸನಕೊಪ್ಪದವಳು. ಮೂರನೆಯ ಹೆಸರು ಓದುವ ಮೊದಲು ಓದುವವರು ನೀರು ಕುಡಿದರು. ಅಷ್ಟು ನಿಧಾನವಾಗಿ ನೀರು ಕುಡಿಯುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ಓದಿದರು: ಮನ್ಮನೆಯ ಚೌಡಮ್ಮ.

ಸವಿತಾ ಅತ್ತೆಯ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. ಚೌಡಮ್ಮ ಅವಳ ಬೆನ್ನು ತಟ್ಟಿ, ನೇರ ನನ್ನ ಹತ್ತಿರ ಬಂದಳು.

"ಹೆಗಡೇರೆ, ಆ ಕಟ್ಟು ಬಿಚ್ಚಿ ಕೊಡಿ."

"ಯಾಕೆ? ಏನಾದರೂ ಸರಿಯಾಗಿಲ್ಲವೇ?"

"ಸರಿ ಅದೆ. ಸೋಮವಾರದಿಂದ ಹುಡುಗೀರು ಬತ್ತಾರೆ. ಅವ್ರು ಮುಟ್ಟಿ ನೋಡ್ಬೇಕು. ಗಾಜಿನ ಒಳಗೆ ಇಟ್ರೆ ಎಂತ ಕಲೀತ್ರು?"

"ಹತ್ತು ಜನ ಮುಟ್ಟಿದರೆ ಹಾಳಾಗುತ್ತದೆ ಚೌಡಮ್ಮ."

"ಹಾಳಾಗ್ಲಿ. ಮತ್ತೆ ಬರೆಯೋಕೆ ನಾ ಇಲ್ವಾ?"

ಅಲ್ಲೇ ನೆಲದ ಮೇಲೆ ಹಾಳೆ ಹಾಸಿ, ಇಕ್ಕಳದಲ್ಲಿ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಗಾಜು ತೆಗೆದೆ. ಚಿತ್ರವನ್ನು ರಟ್ಟಿನ ಸಮೇತ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸವಿತಾಳ ಕೈಗೆ ಕೊಟ್ಟಳು. ಬಸ್ಸಿಗೆ ಹೊತ್ತಾಯಿತು ಎಂದು ಇಬ್ಬರೂ ಹೊರಟರು.

ನಾನು ಖಾಲಿ ಕಟ್ಟನ್ನು ಹೆಗಲಿಗೆ ಹಾಕಿಕೊಂಡು ಪೇಟೆಯಲ್ಲಿ ನಡೆದೆ. ಪಕ್ಕದ ಜವಳಿ ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ.

"ಎಂತ ಹೆಗಡೇರೆ, ಬರೀ ಕಟ್ಟು ಹೊತ್ಕಂಡು ಬಂದ್ರಿ? ಚಿತ್ರ ಎಲ್ಲಿ?"

"ಕೆಲಸಕ್ಕೆ ಸೇರ್ತು," ಎಂದೆ.